ಜೇನಿನದಲ್ಲದ ಸದ್ದು

ಕೋತಗಿರಿ
11 ಜನವರಿ 1991

ಪ್ರೀತಿಯ ಮುತ್ತು,

ನಾನು ಮಿಲ್ಲು ಬಿಟ್ಟು ಈ ಬೆಟ್ಟ ಹತ್ತಿ ಇವತ್ತಿಗೆ ಮೂರು ವಾರ. ಬದುಕಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಕಣ್ಣಮ್ಮಾಳ್ ಬಿಳಿ ಸೀರೆ ಉಟ್ಟು ಆರೋಗ್ಯ ಕೇಂದ್ರಕ್ಕೆ ಹೊರಡುತ್ತಾಳೆ. ಹಿರಿಯ ನರ್ಸ್ ಆಗಿ ಬಡ್ತಿ ಸಿಕ್ಕಿ ಇಲ್ಲಿಗೆ ವರ್ಗವಾದ ಮೇಲೆ ಅವಳ ನಡಿಗೆಯೇ ಬೇರೆಯಾಗಿದೆ. ನಾನು ಬಾಗಿಲಲ್ಲಿ ನಿಂತು ಊಟದ ಡಬ್ಬಿ ಕೊಡುತ್ತೇನೆ. ಇಷ್ಟು ವರ್ಷ ಅವಳು ನನಗೆ ಕಟ್ಟಿಕೊಟ್ಟಳು, ಈಗ ನನ್ನ ಸರದಿ. ನಿನ್ನೆ ಖಾಲಿ ಡಬ್ಬಿಯೊಳಗೆ ಒಂದು ಚೀಟಿ ಇತ್ತು: "ಉಪ್ಪು ಎಂಬ ಪದಾರ್ಥ ಕೋತಗಿರಿಯಲ್ಲೂ ಸಿಗುತ್ತದೆ."

ಇನ್ನೊಂದು ವಿಷಯ. ಇಲ್ಲಿ ಸದ್ದೇ ಇಲ್ಲ ಕಣೋ. ಇಪ್ಪತ್ತೊಂಬತ್ತು ವರ್ಷ ಮುನ್ನೂರು ಮಗ್ಗಗಳ ನಡುವೆ ನಿಂತು ನೇಯ್ದವನಿಗೆ ಈ ಮೌನ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತದೆ. ಆದರೆ ಪೂರ್ತಿ ಮೌನವೂ ಅಲ್ಲ. ಎಲ್ಲಿಂದಲೋ ಒಂದು ಗುಂಯ್ ಎನ್ನುವ ಸದ್ದು ಬರುತ್ತಲೇ ಇರುತ್ತದೆ. ನಿಲ್ಲುವುದೇ ಇಲ್ಲ. ಮಂಚದ ಕೆಳಗೆ ನೋಡಿದೆ, ನೀರಿನ ತೊಟ್ಟಿಯಲ್ಲಿ ಇಣುಕಿದೆ, ಅಟ್ಟ ಹತ್ತಿದೆ. ಕೊನೆಗೆ ರಸ್ತೆಯಾಚೆಯ ಟ್ರಾನ್ಸ್‌ಫಾರ್ಮರ್ ಮೇಲೆ ಅನುಮಾನ ಬಂದು ಕರೆಂಟು ಆಫೀಸಿನವನನ್ನು ಕರೆತಂದೆ. ಅವನು ಕಂಬದ ಕೆಳಗೆ ನಿಂತು, "ತಾತಾ, ಕರೆಂಟು ಹೋಗಿ ಎರಡು ಗಂಟೆ ಆಯ್ತು. ಇದು ಸತ್ತು ಮಲಗಿದೆ. ಸತ್ತಿದ್ದು ಹಾಡುತ್ತಾ?" ಎಂದ. ನನಗೆ ಮಾತ್ರ ಆಗಲೂ ಗುಂಯ್ ಎನ್ನುತ್ತಿತ್ತು.

ಕಣ್ಣಮ್ಮಾಳನ್ನು, "ಏನಾದ್ರೂ ಕೇಳಿಸ್ತಿದೆಯಾ?" ಎಂದು ಕೇಳಿದೆ. "ನಿಮ್ಮ ಮಾತು ಕೇಳಿಸ್ತಿದೆ. ಅದೂ ಪಕ್ಕದ ಮನೆಗೆ ಕೇಳೋ ಹಾಗೆ" ಎಂದಳು.

ಪಕ್ಕದ ಮನೆಯವರ ಹೆಸರು ಭೋಜನ್. ಈ ಬೆಟ್ಟದ ಬಡಗ ಜನ. ನನಗಿಂತ ಎರಡು ವರ್ಷ ದೊಡ್ಡವರು. ಸ್ವಲ್ಪ ಟೀ ತೋಟ, ಬೇಲಿಯ ಪಕ್ಕದಲ್ಲಿ ಆರು ಜೇನು ಪೆಟ್ಟಿಗೆ ಇಟ್ಟುಕೊಂಡಿದ್ದಾರೆ. ಅವರ ಹೆಂಡತಿ ನಂಜಿ ನಾವು ಬಂದ ದಿನವೇ ಒಂದು ಪಾತ್ರೆ ಅವರೆಕಾಳಿನ ಉದಕ, ಅಂದರೆ ಇಲ್ಲಿಯವರ ಸಾರು, ಕಳಿಸಿದರು. ಉಪ್ಪು ಸರಿಯಾಗಿತ್ತು.

ನಿನಗಿಂತ ಚುರುಕು ಕಿವಿ ಇಡೀ ಮಿಲ್ಲಿನಲ್ಲಿ ಇಲ್ಲ. ಮಗ್ಗದ ಸದ್ದು ಕೇಳಿಯೇ ಯಾವ ಮೊಳೆ ಸಡಿಲವಾಗಿದೆ ಎಂದು ಹೇಳಿ ರಿಪೇರಿ ಮಾಡುವ ಜಾಬರ್ ನೀನು. ಈ ಸದ್ದು ಯಾವುದಿರಬಹುದು, ಯೋಚಿಸಿ ಬರೆ.

ನಿನ್ನ,
ಮರುದಾಚಲಂ


ಸಿಂಗಾನಲ್ಲೂರು, ಕೊಯಮತ್ತೂರು
20 ಜನವರಿ 1991

ಅಣ್ಣನಿಗೆ ಸವರಿಮುತ್ತುವಿನ ವಂದನೆಗಳು.

ನಿಮ್ಮ ಪತ್ರವನ್ನು ಟೀ ಹೊತ್ತಿನಲ್ಲಿ ನಾಲ್ಕು ಜನರ ಎದುರು ಓದಿದೆ. ಉಪ್ಪಿನ ಚೀಟಿಗೆ ಎಲ್ಲರೂ ನಕ್ಕರು. "ಅತ್ತಿಗೆಗೆ ಜಯವಾಗಲಿ" ಎಂದು ಕುಪ್ಪುರಾಜ್ ಕೂಗಿದ. ನಿಮ್ಮ ನಾಲ್ಕು ಮಗ್ಗಗಳು ಈಗ ಅವನ ಕೈಯಲ್ಲಿವೆ. ಮೂರನೆಯದು ನಿಮ್ಮನ್ನು ನೆನೆದು ದಿನಕ್ಕೆರಡು ಸಲ ಲಾಳಿಯನ್ನು ಹೊರಕ್ಕೆ ಎಸೆಯುತ್ತದೆ.

ಆ ಸದ್ದಿನ ಸಾಲುಗಳನ್ನು ಮಾತ್ರ ನಾನೊಬ್ಬನೇ ಓದಿಕೊಂಡೆ. ಅದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿದೆ? ಉತ್ತರ ನಿಮ್ಮ ಪತ್ರದಲ್ಲೇ ಇದೆ. ಬೇಲಿಯ ಪಕ್ಕ ಆರು ಪೆಟ್ಟಿಗೆ ಜೇನು! ಒಂದೊಂದರಲ್ಲಿ ಎಷ್ಟು ಸಾವಿರ ಹುಳ ಇರುತ್ತವೋ, ಅಷ್ಟೂ ರೆಕ್ಕೆ ಬಡಿದರೆ ಗುಂಯ್ ಎನ್ನದೆ ಇನ್ನೇನು ಅನ್ನುತ್ತದೆ? ಚಳಿಗಾಲದಲ್ಲಿ ಇನ್ನೂ ಜೋರಂತೆ. ಯಾರೋ ಹೇಳಿದ್ದು ಕೇಳಿದ್ದೇನೆ.

ನಮ್ಮ ಮನೆಯಲ್ಲಿ ಲೂರ್ದಮ್ಮಾಳ್ ಕ್ಷೇಮ. ಕಣ್ಣಮ್ಮಾಳ್ ಅಕ್ಕನಿಗೆ ನಮಸ್ಕಾರ.

ಸವರಿಮುತ್ತು


ಕೋತಗಿರಿ
2 ಫೆಬ್ರುವರಿ 1991

ಪ್ರೀತಿಯ ಮುತ್ತು,

ನೀನು ಹೇಳಿದ್ದು ಸರಿ ಎನಿಸಿತು. ಭೋಜನ್ ಅವರ ಹತ್ತಿರ ಹೋಗಿ, ಸದ್ದಿನಿಂದ ನಿದ್ದೆ ಬರುತ್ತಿಲ್ಲ ಎಂದೆ. ಅವರು ಪೆಟ್ಟಿಗೆಗಳ ಕಡೆ ತಿರುಗಿದರು.

"ನಮ್ಮಪ್ಪನ ಕಾಲದಿಂದ ಇಲ್ಲೇ ಇವೆ. ಸಂಜೆ ಆದ್ಮೇಲೆ ಉಸಿರು ಬಿಡೋದೂ ಇಲ್ಲ ಅವು. ಆದ್ರೆ ನೀವು ಹೊಸಬರು, ನಿದ್ದೆ ಇಲ್ಲ ಅಂತೀರಿ. ನೆರೆಯವರು ಬೇಡ ಅಂದ್ಮೇಲೆ ಇಟ್ಕೊಳ್ಳೋದು ಹೇಗೆ?" ಎಂದರು.

ಮೊದಲು ಇಪ್ಪತ್ತು ಹೆಜ್ಜೆ ಮೇಲಕ್ಕೆ ಸಾಗಿಸಿದರು. "ಹೀಗೆ ಹತ್ತಿರಕ್ಕೆ ಸರಿಸಿದ್ರೆ ಅವಕ್ಕೆ ಗೊತ್ತಾಗಲ್ಲ, ಹಳೇ ಜಾಗಕ್ಕೇ ಬರ್ತವೆ" ಎಂದು ಎಚ್ಚರಿಸಿಯೇ ಸಾಗಿಸಿದರು. ಹಾಗೇ ಆಯಿತು. ಮರುದಿನ ಮಧ್ಯಾಹ್ನ ಮನೆ ಕಾಣದ ಜೇನೆಲ್ಲ ನಮ್ಮ ಅಡುಗೆಮನೆಯ ಕಿಟಕಿಗೆ ಬಂದು ಜೋತುಬಿದ್ದವು. ನಾನು ಒಳಗೆ ಕಂಬಳಿ ಹೊದ್ದು ಕೂತೆ. ಕೆಲಸದಿಂದ ಬಂದ ಕಣ್ಣಮ್ಮಾಳ್ ಸೂರ್ಯ ಮುಳುಗುವ ತನಕ ರಸ್ತೆಯಲ್ಲಿ ನಿಂತಿದ್ದಳು. "ಆಸ್ಪತ್ರೇಲಿ ಅಷ್ಟು ಜನ ನನ್ನ ಕಾಯ್ತಾರೆ. ಇಲ್ಲಿ ನಾನು ಹುಳಕ್ಕೆ ಕಾಯ್ಬೇಕು" ಎಂದು ಅಲ್ಲಿಂದಲೇ ಕೂಗಿದಳು.

ಕೊನೆಗೆ ಭೋಜನ್ ಜೀಪು ಮಾಡಿಸಿ ಆರೂ ಪೆಟ್ಟಿಗೆಗಳನ್ನು ಕೆಂಗರೆಯಲ್ಲಿರುವ ತಮ್ಮ ಭಾವನ ತೋಟಕ್ಕೆ ಸಾಗಿಸಿದರು. ಇವತ್ತು ಸದ್ದು ಕಡಿಮೆಯಾಗಿದೆ ಅನಿಸುತ್ತದೆ. ಬೆಳಗಿನಿಂದ ಜೋರು ಗಾಳಿ ಬೀಸುತ್ತಿರುವುದರಿಂದ ಖಚಿತವಾಗಿ ಹೇಳಲಾರೆ.

ಮರುದಾಚಲಂ


ಸಿಂಗಾನಲ್ಲೂರು
9 ಫೆಬ್ರುವರಿ 1991

ಅಣ್ಣ,

ಕಾರ್ಡು ಮಾತ್ರ ಬರೆಯುತ್ತಿದ್ದೇನೆ, ಕೆಲಸ ಜಾಸ್ತಿ. ಕಡಿಮೆಯಾಯಿತಲ್ಲ, ಇನ್ನು ಆ ಮಾತು ಬಿಡಿ. ನಿಜವಾಗಿಯೂ ಪೆಟ್ಟಿಗೆ ಸಾಗಿಸಿಬಿಟ್ಟರೇ? ಅಷ್ಟು ದೂರ ಹೋಗುತ್ತದೆ ಎಂದುಕೊಂಡಿರಲಿಲ್ಲ. ರೇಡಿಯೋ ಇದ್ದರೆ ಸಣ್ಣಗೆ ಹಾಕಿಟ್ಟುಕೊಳ್ಳಿ. ಸುಮ್ಮನೆ ಹೇಳಿದೆ.

ಮುತ್ತು


ಕೋತಗಿರಿ
24 ಫೆಬ್ರುವರಿ 1991

ಮುತ್ತು,

ಸದ್ದು ಹೋಗಿಲ್ಲ. ಗಾಳಿ ನಿಂತ ದಿನವೇ ಮತ್ತೆ ಶುರುವಾಯಿತು. ಜೇನು ಎಲ್ಲಿಯೋ ಕೆಂಗರೆಯಲ್ಲಿದೆ, ಗುಂಯ್ ಇಲ್ಲೇ ಇದೆ.

ಅದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದು. ಭೋಜನ್ ಅವರ ಆರು ಜೇನು ಕುಟುಂಬಗಳಲ್ಲಿ ಒಂದು ಹೊಸ ಜಾಗಕ್ಕೆ ಒಗ್ಗದೆ ಪೆಟ್ಟಿಗೆ ಬಿಟ್ಟು ಹಾರಿಹೋಗಿದೆ.  ಅವರು ಖಾಲಿ ಪೆಟ್ಟಿಗೆ ತಂದು ಹಳೆಯ ಜಾಗದಲ್ಲಿಟ್ಟು, ಒಳಗೆ ಗುಡಿಸಿ, ಮುಚ್ಚಳ ಹಾಕಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ವಾರವಾರ ಬರುತ್ತಿದ್ದ ನಂಜಿ ಅವರ ಉದಕ ಬಾರದೆ ಎರಡು ವಾರವಾಯಿತು.

ನಿನಗೆ ಮಾತ್ರ ಹೇಳುತ್ತೇನೆ. ಮೊನ್ನೆ ಎರಡೂ ಕಿವಿಗೆ ಬೆರಳಿಟ್ಟುಕೊಂಡೆ. ಹೊರಗಿನ ಸದ್ದಾದರೆ ಕಡಿಮೆಯಾಗಬೇಕಲ್ಲ? ಇದು ಜಾಸ್ತಿಯಾಯಿತು. ಅಂದರೆ ನನ್ನ ತಲೆಯೊಳಗೇ ಏನೋ ಕೂತಿದೆ. ನಮ್ಮ ದೊಡ್ಡಪ್ಪ ಕೊನೆಗಾಲದಲ್ಲಿ ಯಾರೂ ಇಲ್ಲದ ಕಡೆ ಯಾರೋ ಕರೆಯುತ್ತಿದ್ದಾರೆ ಎನ್ನುತ್ತಿದ್ದರು. ನನಗೂ ಅದೇ ಶುರುವಾಗಿದೆಯೇ? ಮನೆಯಲ್ಲೇ ನರ್ಸ್ ಇದ್ದಾಳೆ, ಆದರೆ ಅವಳಿಗೆ ಹೇಳಲು ನಾಲಗೆ ಏಳುತ್ತಿಲ್ಲ. ಈಗಷ್ಟೇ ಬಡ್ತಿ ಸಿಕ್ಕಿ ಸಂತೋಷವಾಗಿದ್ದಾಳೆ.

ನೀನು ಕಾರ್ಡಿನಲ್ಲಿ ರೇಡಿಯೋ ಹಾಕಿ ಎಂದು ಬರೆದಿದ್ದೆ. ಹಾಕಿದರೆ ನಿಜವಾಗಿಯೂ ಹಗುರವಾಗುತ್ತದೆ. ಅದು ನಿನಗೆ ಹೇಗೆ ಗೊತ್ತು?

ಮರುದಾಚಲಂ


ಸಿಂಗಾನಲ್ಲೂರು
3 ಮಾರ್ಚ್ 1991

ಅಣ್ಣ,

ನಿಮಗೆ ಹುಚ್ಚು ಹಿಡಿದಿಲ್ಲ. ಮೊದಲು ಈ ಒಂದು ಸಾಲನ್ನು ಎರಡು ಸಲ ಓದಿ, ಆಮೇಲೆ ಮುಂದಕ್ಕೆ ಹೋಗಿ.

ನನಗೂ ಇದೆ. ಒಂಬತ್ತು ವರ್ಷದಿಂದ ಇದೆ.

1982ರ ಶುಭ ಶುಕ್ರವಾರ ಚರ್ಚಿನಲ್ಲಿ ಎಲ್ಲರೂ ಮಂಡಿಯೂರಿ ಮೌನವಾಗಿದ್ದಾಗ ಕೀ ಎಂದು ಕೇಳಿಸಿತು. ಮೈಕು ಕೂಗುತ್ತಿದೆ ಎಂದುಕೊಂಡು ಮೈಕಿನವನಿಗೆ ಕೈಸನ್ನೆ ಮಾಡಿದೆ. ಅವನು ಮೈಕನ್ನೇ ಆರಿಸಿಬಿಟ್ಟ. ಪಾದ್ರಿಗಳು ಬಾಯಿ ಆಡಿಸುತ್ತಿದ್ದಾರೆ, ಯಾರಿಗೂ ಏನೂ ಕೇಳಿಸುತ್ತಿಲ್ಲ, ನನಗೆ ಮಾತ್ರ ಕೀ ಎನ್ನುತ್ತಲೇ ಇದೆ. ನನ್ನದು ಕುಕ್ಕರ್ ವಿಷಲ್ ಹೊಡೆಯುವ ಮುಂಚೆ ಸಣ್ಣಗೆ ಎಳೆಯುತ್ತದಲ್ಲ, ಆ ಥರ. ನಿಮ್ಮದು ಗುಂಯ್, ಅಂದರೆ ದಪ್ಪ ದನಿ. ನೀವು ಎಲ್ಲದರಲ್ಲೂ ಅದೃಷ್ಟವಂತರು.

ಆ ವರ್ಷವೇ ಗುಟ್ಟಾಗಿ ಒಬ್ಬ ಕಿವಿ ಡಾಕ್ಟರನ್ನು ನೋಡಿದೆ. ಮಗ್ಗದ ಸದ್ದಿಗೆ ಕಿವಿಯೊಳಗಿನ ನರ ಸವೆದಿದೆ, ಆ ಸವೆದ ಜಾಗದಲ್ಲಿ ಹುಟ್ಟುವ ಸದ್ದು ಇದು, ಪ್ರಾಣಕ್ಕೆ ಅಪಾಯವಿಲ್ಲ ಎಂದರು. ಇದನ್ನು ನಿಮಗೆ ಜನವರಿಯಲ್ಲೇ ಬರೆಯಬೇಕಿತ್ತು. ಬರೆಯಲಿಲ್ಲ. ನೀವು 'ನಿನಗಿಂತ ಚುರುಕು ಕಿವಿ ಇಲ್ಲ' ಎಂದು ಬರೆದಿದ್ದಿರಿ. ಆ ಸಾಲು ಓದಿದ ಮೇಲೆ ಕೈ ಬರಲಿಲ್ಲ. ಕಿವಿ ಸವೆದ ಜಾಬರ್ ಯಾರಿಗೆ ಬೇಕು? ಈ ಒಂಬತ್ತು ವರ್ಷದಲ್ಲಿ ನಾನು ಒಂದು ಮಗ್ಗವನ್ನೂ ಕಿವಿಯಿಂದ ಸರಿಮಾಡಿಲ್ಲ ಅಣ್ಣ. ಅಂಗೈಯನ್ನು ಮಗ್ಗದ ಮೈಮೇಲಿಟ್ಟು ನೋಡುತ್ತೇನೆ. ಎಲ್ಲಿ ನಡುಕ ತಪ್ಪುತ್ತದೋ ಅಲ್ಲಿ ತೊಂದರೆ. ಜನ ಅದನ್ನೂ ಕಿವಿ ಎಂದುಕೊಂಡರು. ನಾನು ತಿದ್ದಲಿಲ್ಲ.

ಲೂರ್ದಮ್ಮಾಳ್‌ಗೂ ಹೇಳಿಲ್ಲ. ಅವಳು ಮಾತಾಡುತ್ತಾಳೆ, ನಾನು ಹೂಂ ಎನ್ನುತ್ತೇನೆ.

ಜೇನಿನ ಮಾತು ತಮಾಷೆಗೆ ಬರೆದದ್ದಲ್ಲ. ನೀವು ಬೇರೆ ಕಡೆ ಹುಡುಕಲಿ, ನನ್ನನ್ನು ಕೇಳದಿರಲಿ ಎಂದು ಬರೆದದ್ದು. ಚಳಿಗಾಲದಲ್ಲಿ ಜೇನು ಜೋರು ಎಂದು ಯಾರೂ ನನಗೆ ಹೇಳಿರಲಿಲ್ಲ. ಆ ಹಾರಿಹೋದ ಕುಟುಂಬಕ್ಕೆ ನಾನೇ ಹೊಣೆ. ಬೈಯಿರಿ.

ಮುತ್ತು


ಕೋತಗಿರಿ
27 ಮಾರ್ಚ್ 1991

ಸವರಿಮುತ್ತು,

ಮೂರು ವಾರ ಬರೆಯಲಿಲ್ಲ. ಮೊದಲ ವಾರ ಒಂದು ಪತ್ರ ಬರೆದೆ, ಕಣ್ಣಮ್ಮಾಳ್ ಓದಿ, "ಇದನ್ನ ಅಂಚೆಗೆ ಹಾಕಿದ್ರೆ ಅಂಚೆ ಪೆಟ್ಟಿಗೆ ಸುಟ್ಟುಹೋಗತ್ತೆ" ಎಂದು ಹರಿದು ಹಾಕಿದಳು. ಹೌದು, ಅವಳಿಗೆ ಹೇಳಿದೆ. ನಿನ್ನ ಪತ್ರವನ್ನೇ ಕೈಗೆ ಕೊಟ್ಟೆ. ಓದಿ ಮುಗಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ದಿನಕ್ಕೆ ಎಂಬತ್ತು ಜನ ತಮ್ಮ ನೋವು ನನ್ನ ಹತ್ರ ಹೇಳ್ತಾರೆ. ಮನೇಲಿರೋನು ಟ್ರಾನ್ಸ್‌ಫಾರ್ಮರ್ ಹತ್ರ ಹೇಳಿದ್ದಾನೆ!"

ಮರುದಿನವೇ ಊಟಿಗೆ ಕರೆದುಕೊಂಡು ಹೋದಳು. ಅಲ್ಲಿ ಕಿವಿ ಪರೀಕ್ಷೆ. ನನ್ನನ್ನು ಒಂದು ಚಿಕ್ಕ ಗಾಜಿನ ಕೋಣೆಯಲ್ಲಿ ಕೂರಿಸಿ, ಕೈಗೆ ಗುಂಡಿ ಕೊಟ್ಟು, ಸದ್ದು ಕೇಳಿದಾಗಲೆಲ್ಲ ಒತ್ತಿ ಎಂದರು. ಬಾಗಿಲು ಹಾಕಿದ ತಕ್ಷಣ ಅಷ್ಟು ಮೌನದಲ್ಲಿ ನನ್ನ ಗುಂಯ್ ಮೆರವಣಿಗೆ ಹೊರಟಿತು. ಒತ್ತಿದೆ. ಒತ್ತುತ್ತಲೇ ಇದ್ದೆ. ಡಾಕ್ಟರಮ್ಮ ಬಾಗಿಲು ತೆಗೆದು, "ಯಜಮಾನ್ರೇ, ನಾನು ಇನ್ನೂ ಯಂತ್ರ ಹಾಕೇ ಇಲ್ಲ" ಎಂದರು.

ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತು. ಇದನ್ನು ಅಳಿಸಿಹಾಕುವ ಔಷಧಿ ಇಲ್ಲವಂತೆ. ಆದರೆ ಮನಸ್ಸು ಇದನ್ನು ಗಮನಿಸದೆ ಇರುವುದನ್ನು ಮೆಲ್ಲಗೆ ಕಲಿಯುತ್ತದಂತೆ. ಹುಡುಕಿಕೊಂಡು ಹೋದಷ್ಟೂ ಬೆಳೆಯುತ್ತದೆ, ಪೂರ್ತಿ ಮೌನದಲ್ಲಿ ಕೂರಬೇಡಿ, ಸಣ್ಣಗೆ ನೀರೋ ರೇಡಿಯೋ ಸದ್ದು ಮಾಡುತ್ತಿರಲಿ ಎಂದರು. ನೀನು ಒಂಬತ್ತು ವರ್ಷ ಒಬ್ಬನೇ ಕಲಿತದ್ದನ್ನು ಅವರು ಹತ್ತು ನಿಮಿಷದಲ್ಲಿ ಹೇಳಿದರು. ಈಗ ಅಡುಗೆಮನೆಯ ಹಿಂದಿನ ಕಾಲುವೆಯ ಪಕ್ಕ ಕೂತು ತರಕಾರಿ ಹೆಚ್ಚುತ್ತೇನೆ. ಮೊನ್ನೆ ಒಂದು ಗಂಟೆ ಗುಂಯ್ ಮರೆತೇ ಹೋಗಿತ್ತು. ಮರೆತದ್ದು ನೆನಪಾದ ಕೂಡಲೇ ವಾಪಸ್ ಬಂತು, ಅದು ಬೇರೆ ಮಾತು.

ಭೋಜನ್ ಅವರ ಹತ್ತಿರ ಹೋಗಿ ಎಲ್ಲ ಹೇಳಿದೆ, ನಿನ್ನ ಹೆಸರೊಂದನ್ನು ಬಿಟ್ಟು. "ಅಂದ್ರೆ ನನ್ನ ಜೇನು ನಿಮ್ಮ ಕಿವಿಗೋಸ್ಕರ ಊರು ಬಿಟ್ವಾ?" ಎಂದರು. ಅಷ್ಟೇ. ಹನ್ನೆರಡು ದಿನ ಮಾತಿಲ್ಲ. ನಾನು ನೇಕಾರ, ನನಗೆ ಬೇರೇನು ಬರುತ್ತದೆ? ಸೊಳ್ಳೆಪರದೆ ಬಟ್ಟೆ ತಂದು ಜೇನು ಬಿಡಿಸುವಾಗ ಹಾಕಿಕೊಳ್ಳುವ ಎರಡು ಮುಖಪರದೆ ಹೊಲಿದು ಬೇಲಿಯ ಮೇಲಿಟ್ಟು ಬಂದೆ. ಹದಿಮೂರನೆಯ ದಿನ ಅದರಲ್ಲೊಂದನ್ನು ಹಾಕಿಕೊಂಡು ನಮ್ಮ ಬಾಗಿಲಿಗೇ ಬಂದು ನಿಂತರು. ಒಳಗೆ ನಗುತ್ತಿದ್ದರೋ ಇಲ್ಲವೋ ಕಾಣಿಸಲಿಲ್ಲ. ಐದು ಪೆಟ್ಟಿಗೆ ವಾಪಸ್ ಬಂದಿವೆ.

ನಿನ್ನ ಪಾಲಿನದು ಬಾಕಿ ಇದೆ. ಏಪ್ರಿಲ್‌ನ ತಮಿಳು ಹೊಸ ವರ್ಷದ ರಜೆಗೆ ಇಲ್ಲಿಗೆ ಬಂದು ಅವರಿಗೆ ನೀನೇ ಹೇಳಬೇಕು. ಲೂರ್ದಮ್ಮಾಳ್‌ಗೂ ಹೇಳಬೇಕು. ಯಾವುದು ಮೊದಲು ಎನ್ನುವುದು ನಿನಗೆ ಬಿಟ್ಟದ್ದು.

ಮರುದಾಚಲಂ


ಸಿಂಗಾನಲ್ಲೂರು
4 ಏಪ್ರಿಲ್ 1991

ಅಣ್ಣ,

ಹದಿಮೂರನೇ ತಾರೀಕು ಮೊದಲ ಬಸ್ಸಿಗೆ ಹೊರಡುತ್ತೇನೆ. ಭೋಜನ್ ಅವರಿಗೆ ಮೊದಲು. ಜೇನಾದರೆ ಒಂದು ಸಲ ಕಚ್ಚಿ ಬಿಟ್ಟುಬಿಡುತ್ತದೆ. ಲೂರ್ದಮ್ಮಾಳ್ ಹಾಗಲ್ಲ.

ಮುತ್ತು


ಕೋತಗಿರಿ
22 ಏಪ್ರಿಲ್ 1991

ಪ್ರೀತಿಯ ಮುತ್ತು,

ಕಿವಿಯ ಊತ ಇಳಿಯಿತೇ? ಕಣ್ಣಮ್ಮಾಳ್ ಕೊಟ್ಟ ಮುಲಾಮು ಹಚ್ಚುತ್ತಿರು.

ನೀನು ಹೋದ ಮೇಲೆ ಭೋಜನ್ ಅವರಿಗೆ ಬೇರೆ ಕೆಲಸವಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ನಿನ್ನ ಕಥೆ ಹೇಳುತ್ತಾರೆ. ನಿನ್ನೆ ಹಾಲಿನವನಿಗೆ ಹೇಳುತ್ತಿದ್ದದ್ದನ್ನು ಹಾಗೇ ಬರೆಯುತ್ತೇನೆ:

"ಬಂದ ಮನುಷ್ಯ ಚಪ್ಪಲಿ ಬಿಟ್ಟು ಅಂಗಳದಲ್ಲಿ ನಿಂತ. 'ಜೇನಿನ ಸುಳ್ಳು ಬರೆದೋನು ನಾನೇ' ಅಂದ. ಎಷ್ಟು ಜೋರಾಗಿ ಅಂದ ಅಂದ್ರೆ ಕೆಳಗಿನ ಬಸ್‌ಸ್ಟ್ಯಾಂಡಿನವ್ರೂ ತಿರುಗಿ ನೋಡಿದ್ರು. ನನಗೆ ಬಯ್ಯಕ್ಕೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ನಂಜಿ ಕೂಗಿದ್ಲು, ಸಿಲ್ವರ್ ಓಕ್ ಮರದಲ್ಲಿ ಜೇನಿನ ಹಿಂಡು ಕೂತಿದೆ ಅಂತ. ನಾನು, 'ಸುಳ್ಳು ಬರೆದ ಕೈಗೆ ಈಗ ಒಂದು ಕೆಲಸ ಇದೆ' ಅಂದು ಬುಟ್ಟಿ ಕೊಟ್ಟೆ. ಮರದ ಕೆಳಗೆ ತಲೆ ಮೇಲೆ ಬುಟ್ಟಿ ಹೊತ್ತು ನಿಂತ. ನಾನು ಕೊಂಬೆ ಅಲ್ಲಾಡಿಸ್ದೆ. ಹಿಂಡು ದೊಪ್ಪಂತ ಬುಟ್ಟೀಲಿ. ಒಂದೇ ಒಂದು ಮಾತ್ರ ದಾರಿ ತಪ್ಪಿ ಅವನ ಬಲಗಿವಿಗೆ! ಮನುಷ್ಯ ಬುಟ್ಟಿ ಬಿಡಲಿಲ್ಲ ನೋಡು. ಕಣ್ಣಲ್ಲಿ ನೀರು ಸುರೀತಿದೆ, ಬುಟ್ಟಿ ಬಿಡಲಿಲ್ಲ."

ಹಾಲಿನವನು, "ಆಮೇಲೆ?" ಎಂದ.

"ಆಮೇಲೆ ಏನು, ಖಾಲಿ ಪೆಟ್ಟಿಗೆಗೆ ಹಾಕಿದ್ವಿ. ಒಳಗೆ ನೆಲೆ ನಿಂತ್ವಾ ಅಂತ ನಾನು ಕಿವಿ ಇಟ್ಟು ನೋಡ್ತಿದ್ದೆ. ಅವನು ಪಕ್ಕಕ್ಕೆ ಬಂದು ಅಂಗೈ ಇಟ್ಟ. ಕಣ್ಣು ಮುಚ್ಚಿದ. 'ಒಂದೇ ಸಮ ಓಡ್ತಿದೆ, ಎಲ್ಲೂ ತಪ್ಪಿಲ್ಲ' ಅಂದ. ನಲವತ್ತು ವರ್ಷದಿಂದ ಜೇನು ಸಾಕ್ತಿದ್ದೀನಿ, ನನಗೆ ಆ ಕೈ ಇಲ್ಲ."

ನಿನ್ನ ಎದುರು ಹೇಳಲಿಲ್ಲ, ಈಗ ಬರೆಯುತ್ತಿದ್ದೇನೆ. ಆವತ್ತು ನಾನೂ ಪೆಟ್ಟಿಗೆಯ ಮೇಲೆ ಕೈಯಿಟ್ಟೆ. ನನಗೆ ಏನೂ ತಿಳಿಯಲಿಲ್ಲ. ನೀನು ಜಾಬರ್ ಅಲ್ಲ ಎನ್ನುವವನು ನನ್ನ ಎದುರಿಗೆ ಬರಲಿ.

ಆರನೇ ಪೆಟ್ಟಿಗೆ ಈಗ ತುಂಬಿದೆ. ಉದಕವೂ ಬಂತು. ಪಾತ್ರೆ ತೊಳೆದು, ಖಾಲಿ ಕೊಡಬಾರದೆಂದು ನಾನೇ ಮಾಡಿದ ಪಾಯಸ ತುಂಬಿ ಕೊಟ್ಟೆ. ನಂಜಿ ಅವರು ಕಣ್ಣಮ್ಮಾಳ್‌ಗೆ, "ನಿಮ್ಮೆಜಮಾನ್ರಿಗೆ ಅಡುಗೆ ಬಿಟ್ಟು ಹೊಲಿಗೆ ಮಾಡಕ್ಕೆ ಹೇಳಿ" ಎಂದರಂತೆ.

ಲೂರ್ದಮ್ಮಾಳ್‌ಗೆ ಹೇಳಿದೆಯಾ?

ಮರುದಾಚಲಂ


ಸಿಂಗಾನಲ್ಲೂರು
12 ಮೇ 1991

ಅಣ್ಣನಿಗೆ,

ಊತ ಇಳಿದಿದೆ. ಕೀ ಹಾಗೇ ಇದೆ. ಕಚ್ಚಿಸಿಕೊಂಡಿದ್ದಕ್ಕೆ ಅದಾದರೂ ವಾಸಿಯಾಗುತ್ತದೇನೋ ಎಂಬ ಆಸೆ ಇತ್ತು.

ಮೊದಲು ಮಿಲ್ಲಿನ ಸುದ್ದಿ. ಮೇ ಒಂದರಂದು ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಎಲ್ಲರೂ ಸೇರಿದ್ದಾಗ ಬೆಂಚಿನ ಮೇಲೆ ಹತ್ತಿ ನಿಂತು ಹೇಳಿಬಿಟ್ಟೆ. ಕಿವಿ ಸವೆದಿದೆ, ಒಂಬತ್ತು ವರ್ಷದಿಂದ ಕೈಯಲ್ಲೇ ನೋಡುತ್ತಿದ್ದೇನೆ, ಒಳಗೆ ಸದಾ ಒಂದು ಸದ್ದು ಇದೆ ಎಂದೆ. ಯಾರೂ ನಗಲಿಲ್ಲ. ಹಿಂದಿನಿಂದ ಕುಪ್ಪುರಾಜ್ ಕೈ ಎತ್ತಿದ. "ನನಗೂ ಇದೆ ಮುತ್ತಣ್ಣ. ನಾನು ಮನೆ ಬದಲಾಯಿಸ್ದೆ, ಪಕ್ಕದ ಹಿಟ್ಟಿನ ಗಿರಣಿ ಸದ್ದು ಅಂದ್ಕೊಂಡು." ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಮೂವತ್ತೇಳು ಕೈ ಎಣಿಸಿದೆ ಅಣ್ಣ. ಅಷ್ಟೂ ಜನ ತನಗೊಬ್ಬನಿಗೇ ಎಂದುಕೊಂಡಿದ್ದರು. ಒಬ್ಬ ಮಂತ್ರವಾದಿಯ ಹತ್ತಿರ ಹೋಗಿ ತಾಯಿತ ಕಟ್ಟಿಸಿಕೊಂಡಿದ್ದ. ಅದನ್ನು ಅಲ್ಲೇ ತೋರಿಸಿದ.

ನಿಮಗೆ ಗೊತ್ತಲ್ಲ, ಮಗ್ಗದ ಸದ್ದಿನಲ್ಲಿ ನಾವೆಲ್ಲ ಕೈಸನ್ನೆಯಲ್ಲೇ ಮಾತಾಡುತ್ತೇವೆ. ಟೀಗೆ ಒಂದು ಸನ್ನೆ, ಮೇಲ್ವಿಚಾರಕ ಮಾಸ್ತರಿಗೆ ಒಂದು ಸನ್ನೆ, ಹೆಂಡತಿ ಸಿಟ್ಟಾಗಿದ್ದಾಳೆ ಎನ್ನುವುದಕ್ಕೆ ಎರಡು ಸನ್ನೆ. ಇದಕ್ಕೆ ಮಾತ್ರ ಇರಲಿಲ್ಲ. ಈಗ ಬಂದಿದೆ. ಕಿವಿಯ ಪಕ್ಕದಲ್ಲಿ ಎರಡು ಬೆರಳನ್ನು ರೆಕ್ಕೆಯ ಹಾಗೆ ಬಡಿಯುವುದು. ಜೇನಿನ ಕಥೆ ಹೇಳಿದ್ದೇ ತಪ್ಪಾಯಿತು.

ಮಾಸ್ತರರು ನನ್ನನ್ನು ಪರೀಕ್ಷೆಗೆ ಕಳಿಸಿದರು. ಇನ್ನು ಪೂರ್ತಿ ಪಾಳಿ ಮಗ್ಗದ ನಡುವೆ ನಿಲ್ಲಬಾರದೆಂದು ಡಾಕ್ಟರ್ ಬರೆದುಕೊಟ್ಟಿದ್ದಾರೆ. ಅರ್ಧ ದಿನ ಕೆಲಸ ಕಲಿಯುವವರ ಕೋಣೆಯಲ್ಲಿ ಪಾಠ, ಅರ್ಧ ದಿನ ಮಗ್ಗ. ಎರಡು ದಿನ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಎಲ್ಲರಿಗೂ ಸದ್ದು ತಡೆಯಲು ಕಿವಿಗೆ ಇಡುವ ಬೆಣೆಗಳು ಬಂದಿವೆ. ತುರಿಸುತ್ತದೆ ಎಂದು ಬೈಯುತ್ತಲೇ ಇಟ್ಟುಕೊಳ್ಳುತ್ತಿದ್ದಾರೆ.

ಇನ್ನು ಲೂರ್ದಮ್ಮಾಳ್. ಹೋದ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದ ಮೇಲೆ ಹೇಳಿದೆ. ಅವಳು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಮೊರ ಕೆಳಗಿಟ್ಟಳು.

"ಒಂಬತ್ತು ವರ್ಷ? ನಾನು ಹೇಳಿದ್ದಕ್ಕೆಲ್ಲ ಹೂಂ ಅಂತಿದ್ರಲ್ಲ, ಆ ಹೂಂ ಎಲ್ಲ ಸುಳ್ಳಾ?"

"ಅರ್ಧ ಸುಳ್ಳು" ಎಂದೆ.

"ಯಾವ ಅರ್ಧ?"

 ಅವಳು ಎದ್ದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದೆ. ಗೋಡೆಗೆ ಒರಗಿ ಕೂತಿದ್ದಳು, ಕಣ್ಣು ಕೆಂಪಾಗಿತ್ತು. "ನನ್ನ ಮಾತು ನಿಮಗೆ ಬೇಸರ ಬಂದಿದೆ ಅಂದ್ಕೊಂಡಿದ್ದೆ. ಅದಕ್ಕೇ ಈಚೆಗೆ ಕಡಿಮೆ ಮಾಡಿದ್ದೆ" ಎಂದಳು. ಅಣ್ಣ, ಅವಳು ಕಡಿಮೆ ಮಾತಾಡುತ್ತಿದ್ದಾಳೆ ಎನ್ನುವುದೂ ನನಗೆ ತಿಳಿದಿರಲಿಲ್ಲ.

ಆಮೇಲೆ ಮುಖ ತೊಳೆದುಕೊಂಡು ಬಂದು, "ಯಾವ ಕಿವಿ ವಾಸಿ?" ಎಂದು ಕೇಳಿದಳು. ಬಲಗಿವಿ ಎಂದೆ. ಮಣೆ ಎತ್ತಿಕೊಂಡು ಬಂದು ಬಲಗಡೆ ಹಾಕಿ ಕೂತಳು. "ಸರಿ. 1982ರಿಂದ ಶುರು ಮಾಡ್ತೀನಿ" ಎಂದಳು.

ತಮಾಷೆ ಅಲ್ಲ, ನಿಜವಾಗಿಯೂ ಶುರು ಮಾಡಿದ್ದಾಳೆ. ಒಂಬತ್ತು ವರ್ಷದಲ್ಲಿ ಹೇಳಿದ್ದನ್ನೆಲ್ಲ ದಿನವೂ ಸಂಜೆ ಮೊದಲಿನಿಂದ ಹೇಳುತ್ತಿದ್ದಾಳೆ. ಅವಳ ತಂಗಿ ಮದುವೆಗೆ ಮೊದಲು ಎರಡು ದಿನ ಊಟ ಬಿಟ್ಟಿದ್ದಳಂತೆ. ನಾನು ಆಗ ಹೂಂ ಎಂದಿದ್ದೆನಂತೆ. ನಮ್ಮ ಎದುರು ಮನೆಯವರು ಮನೆ ಖಾಲಿ ಮಾಡಿದ್ದು ನನ್ನ ರೇಡಿಯೋ ಕಾಟಕ್ಕಂತೆ. ಅದಕ್ಕೂ ಹೂಂ ಎಂದಿದ್ದೆ. ಎಂಥೆಂಥ ಒಳ್ಳೆಯ ಕಥೆಗಳು ಕೈಬಿಟ್ಟು ಹೋಗಿದ್ದವು ಅಣ್ಣ! ಕೆಲವು ಕಡೆ ನಾನು ತಡೆದು ಪ್ರಶ್ನೆ ಕೇಳುತ್ತೇನೆ, ಅವಳಿಗೆ ಇನ್ನೂ ಹುರುಪು ಬರುತ್ತದೆ. ಸದ್ಯ 1984ರ ಮಳೆಗಾಲದಲ್ಲಿದ್ದೇವೆ. ಅವಳ ಸೋದರತ್ತೆಯ ಮೇಕೆ ಬಾವಿಗೆ ಬಿದ್ದಿದೆ, ಇನ್ನೂ ಮೇಲೆ ಬಂದಿಲ್ಲ.

ಕರೆಯುತ್ತಿದ್ದಾಳೆ. ಕೇಳಿಸಿತು. ಹೋಗುತ್ತೇನೆ.

ನಿಮ್ಮ,
ಮುತ್ತು